ಓಲೆ ಮತ್ತು ಲಕೋಟೆ: ವಂಶವಾಹಿ ಲಸಿಕೆಗಳಿಗೆ ನಿಸರ್ಗದ ವಾಹಕಗಳು

ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದ ಕೋಟೆಯಲ್ಲಿ ಒಂದು ಕಾಲಕ್ಕೆ ಅಡುಗೆಮನೆಯಾಗಿದ್ದ ಕಮಾನುಕೋಣೆಯೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ರಸಾಯನಶಾಲೆಯಾಗಿ ಮಾರ್ಪಟ್ಟಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಸ್ವಿಸ್ ತರುಣ ಫ್ರೀಡ್ರಿಖ್ ಮೀಷರ್ 1869ರಲ್ಲಿ, ಆಸ್ಪತ್ರೆಯಿಂದ ತರಿಸಿಕೊಂಡ ಗಾಯಪಟ್ಟಿಗಳ ಕೀವಿನಿಂದ ಬಿಳಿ ರಕ್ತಕಣಗಳನ್ನು ತೊಳೆದು ತೆಗೆದು, ಅವುಗಳ ಕೋಶಕೇಂದ್ರದಿಂದ ರಂಜಕ ಹೇರಳವಾಗಿದ್ದ ಹೊಸ ವಸ್ತುವೊಂದನ್ನು ಬೇರ್ಪಡಿಸಿದರು. ಅದಕ್ಕೆ ‘ನ್ಯೂಕ್ಲೀನ್’ ಎಂದು ಹೆಸರಿಟ್ಟರು. ಇಂದು ಡಿಎನ್‌ಎ ಎಂದು ಕರೆಯುವುದು ಅದನ್ನೇ. ಮುಂದೆ ಬಾಸೆಲ್ ನಗರದಲ್ಲಿ, ರೈನ್ ನದಿಯ ಸಾಲ್ಮನ್ ಮೀನುಗಳ ವೀರ್ಯವನ್ನು ಪರೀಕ್ಷಿಸುವಾಗ, ಅದೇ ನ್ಯೂಕ್ಲೀನಿಗೆ ಅಂಟಿಕೊಂಡಿದ್ದ ಕ್ಷಾರಗುಣದ ಮತ್ತೊಂದು ವಸ್ತು ಅವರ ಕೈಸೇರಿತು. 1874ರಲ್ಲಿ ಅವರು ಅದನ್ನು ‘ಪ್ರೋಟಮೀನ್’ ಎಂದು ಕರೆದರು. ಟ್ಯೂಬಿಂಗೆನ್ನಿನಲ್ಲಿ ಮೀಷರರಿಗೆ ಗುರುವಾಗಿದ್ದವರು ಫೆಲಿಕ್ಸ್ ಹೋಪ್ಪೆ-ಝೈಲರ್. ಈ ಗುರುವೇ 1894ರಲ್ಲಿ, ಸಿಗಡಿ ಏಡಿಗಳ ಚಿಪ್ಪಿನಂಥ ಪದಾರ್ಥವನ್ನು ಕ್ಷಾರದಲ್ಲಿ ಬೇಯಿಸಿದಾಗ ದೊರೆಯುವ ವಸ್ತುವಿಗೆ ‘ಕೈಟೋಸಾನ್’ ಎಂಬ ಹೆಸರನ್ನು ಕೊಟ್ಟರು.

ಗುರುಶಿಷ್ಯರಿಬ್ಬರೂ ಅರಿಯದಿದ್ದ ಸಂಗತಿಯೆಂದರೆ, ಅವರು ಹೆಸರಿಟ್ಟ ಮೂರು ವಸ್ತುಗಳಲ್ಲಿ ಒಂದು ಓಲೆ, ಉಳಿದೆರಡು ಲಕೋಟೆಗಳು. ಜೀವಿಯೊಂದರ ಸೂಚನೆಗಳನ್ನೆಲ್ಲ ಹೊತ್ತ ಬರಹ ಡಿಎನ್‌ಎ. ಆ ಬರಹವನ್ನು ಸುತ್ತಿ, ಮಡಿಸಿ, ಕಾಪಾಡಿ ಸಾಗಿಸಬಲ್ಲ ನೈಸರ್ಗಿಕ ಪಾಲಿಮರುಗಳು ಪ್ರೋಟಮೀನ್ ಮತ್ತು ಕೈಟೋಸಾನ್. ಒಂದೂಕಾಲು ಶತಮಾನದ ಬಳಿಕ ಲಸಿಕಾವಿಜ್ಞಾನ ಈ ಮೂರನ್ನೂ ಮತ್ತೆ ಒಂದೇ ಮೇಜಿನ ಮೇಲೆ ತಂದಿರಿಸಿತು. ಓಲೆಯನ್ನು ಬರೆಯುವುದು ಈಗ ಸುಲಭವಾಗಿದೆ. ಅದನ್ನು ತಲುಪಿಸುವುದು ಕಷ್ಟವಾಗಿಯೇ ಉಳಿದಿದೆ. ದಾರಿಯುದ್ದಕ್ಕೂ ಬಿಗಿಯಾಗಿದ್ದು, ತಲುಪಿದೊಡನೆ ತಾನಾಗಿ ಬಿಚ್ಚಿಕೊಳ್ಳುವ ಗಂಟನ್ನು ಹಾಕುವುದು ಹೇಗೆ ಎಂಬುದೇ ಈ ಕ್ಷೇತ್ರದ ಮೂಲಪ್ರಶ್ನೆ.

ವಂಶವಾಹಿ ಲಸಿಕೆ ಎಂದರೇನು

ಹಳೆಯ ಮಾದರಿಯ ಲಸಿಕೆಗಳಲ್ಲಿ ದುರ್ಬಲಗೊಳಿಸಿದ ಅಥವಾ ಕೊಂದ ರೋಗಾಣುವನ್ನೋ ಅದರ ಒಂದು ಪ್ರೋಟೀನನ್ನೋ ದೇಹಕ್ಕೆ ಕೊಡಲಾಗುತ್ತದೆ. ವಂಶವಾಹಿ ಲಸಿಕೆಯಲ್ಲಿ ಪ್ರೋಟೀನನ್ನು ಕೊಡುವುದಿಲ್ಲ, ಅದನ್ನು ತಯಾರಿಸುವ ಸೂಚನೆಯನ್ನು ಕೊಡಲಾಗುತ್ತದೆ. ದೇಹದ ಕೋಶಗಳು ಆ ಸೂಚನೆಯನ್ನು ಓದಿ ರೋಗಾಣುವಿನ ಪ್ರೋಟೀನನ್ನು ತಾವೇ ತಯಾರಿಸುತ್ತವೆ. ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತಿಸಿ ನೆನಪಿಟ್ಟುಕೊಳ್ಳುತ್ತದೆ. ಡಿಎನ್‌ಎಯಿಂದ ಆರ್‌ಎನ್‌ಎ ಪ್ರತಿ ತೆಗೆಯುವ ಹಂತವನ್ನು ಜೀವವಿಜ್ಞಾನ ‘ಪ್ರತಿಲೇಖನ’ ಎನ್ನುತ್ತದೆ. ಆರ್‌ಎನ್‌ಎಯಿಂದ ಪ್ರೋಟೀನು ಮೂಡುವ ಹಂತವನ್ನು ‘ಅನುವಾದ’ ಎನ್ನುತ್ತದೆ. ಎರಡೂ ಪದಗಳು ಬರಹದ ಲೋಕದಿಂದ ಬಂದ ಎರವಲುಗಳು. ಅನುವಾದ ಎಂಬ ಪದ ಇಲ್ಲಿ ಸಾಕಷ್ಟು ನಿಖರವಾಗಿಯೇ ಇದೆ, ಏಕೆಂದರೆ ನಾಲ್ಕು ಅಕ್ಷರಗಳ ಲಿಪಿಯಲ್ಲಿದ್ದ ಬರಹ ಇಪ್ಪತ್ತು ಅಮೈನೊ ಆಮ್ಲಗಳ ಬೇರೊಂದು ಭಾಷೆಗೆ ಸಾಗುವುದು ಆ ಹಂತದಲ್ಲಿಯೇ.

1990ರಲ್ಲಿ ಜಾನ್ ವುಲ್ಫ್ ಮತ್ತು ಅವರ ಸಹೋದ್ಯೋಗಿಗಳು ಇಲಿಯ ಸ್ನಾಯುವಿಗೆ ಯಾವ ಹೊದಿಕೆಯೂ ಇಲ್ಲದ ಡಿಎನ್‌ಎ ಮತ್ತು ಆರ್‌ಎನ್‌ಎಗಳನ್ನು ಚುಚ್ಚಿದಾಗ, ಆ ಸ್ನಾಯುಕೋಶಗಳು ಸೂಚಿತ ಪ್ರೋಟೀನನ್ನು ತಯಾರಿಸಿದ್ದು ಕಂಡುಬಂತು. ವಂಶವಾಹಿ ಲಸಿಕೆಗಳ ಆಸೆ ಚಿಗುರಿದ್ದು ಅಲ್ಲಿಂದ. ಆದರೆ ಇಲಿಯಲ್ಲಿ ಫಲಿಸಿದ್ದು ಮನುಷ್ಯನಂಥ ದೊಡ್ಡ ದೇಹದಲ್ಲಿ ಅಷ್ಟು ಸುಲಭವಾಗಿ ಫಲಿಸಲಿಲ್ಲ. ಹೊದಿಕೆಯಿಲ್ಲದ ಓಲೆ ಬಹುಪಾಲು ದಾರಿಯಲ್ಲಿಯೇ ಹರಿದುಹೋಗುತ್ತಿತ್ತು.

ಇಲ್ಲಿ ಪದದ ಕುರಿತು ಒಂದು ಮಾತು ಅಗತ್ಯ. ಕನ್ನಡದ ‘ವಂಶವಾಹಿ’ ಮತ್ತು ತಮಿಳಿನ ‘ಮರಬಣು’ ಎರಡೂ ತಲೆಮಾರಿನ ಪರಂಪರೆಯನ್ನು ಮುಂದಿಟ್ಟುಕೊಂಡು ಹುಟ್ಟಿದ ಪದಗಳು. ಮರಾಠಿಯ ‘ಜನುಕ’ ಮತ್ತು ತೆಲುಗಿನ ‘ಜನ್ಯುವು’ ಹುಟ್ಟಿಸುವಿಕೆಯನ್ನು ಸೂಚಿಸುವ ಧಾತುವಿನಿಂದ ಬಂದವು. ಆದ್ದರಿಂದ ‘ವಂಶವಾಹಿ ಲಸಿಕೆ’ ಎಂದಾಗ, ಇದು ವಂಶವನ್ನೇ ತಿದ್ದುವ ಔಷಧವೋ ಎಂಬ ಅಂಜಿಕೆ ಕನ್ನಡ ಕೇಳುಗರಲ್ಲಿ ಮೂಡುವುದು ಅಸಹಜವಲ್ಲ. ಆರೋಗ್ಯ ಇಲಾಖೆಯ ತಿಳುವಳಿಕೆ ಪತ್ರಗಳು ರಾಜ್ಯಭಾಷೆಯಲ್ಲಿ ಬಂದು, ಮನೆಯ ಮಾತು ಕನ್ನಡವಾಗಿರುವ ಗಡಿಯಾಚೆಯ ಊರುಗಳಲ್ಲಿ ಅದನ್ನು ವಿವರಿಸಿ ಹೇಳಬೇಕಾದವರು ಈ ಅಂಜಿಕೆಗೆ ಸ್ಪಷ್ಟವಾದ ಉತ್ತರವನ್ನು ಇಟ್ಟುಕೊಂಡಿರಬೇಕಾಗುತ್ತದೆ. ಸಂದೇಶವಾಹಕ ಆರ್‌ಎನ್‌ಎ ಕೋಶಕೇಂದ್ರವನ್ನು ಪ್ರವೇಶಿಸುವುದೇ ಇಲ್ಲ. ಹೊರಗಿನ ಕೋಶರಸದಲ್ಲಿ ಅನುವಾದಗೊಂಡು ಬೇಗನೆ ಚೂರಾಗಿಬಿಡುತ್ತದೆ. ಡಿಎನ್‌ಎ ಲಸಿಕೆ ಕೋಶಕೇಂದ್ರವನ್ನು ಹೊಗಬೇಕಾಗುತ್ತದೆ. ಆದರೆ ಅದು ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಉಂಗುರವಾಗಿ ಉಳಿಯುವಂಥದ್ದು. ವರ್ಣತಂತುವಿನೊಳಗೆ ಅದು ಹೆಣೆದುಕೊಳ್ಳುವ ಸಾಧ್ಯತೆ ಅತ್ಯಲ್ಪ, ಮತ್ತು ಅದನ್ನು ಪರಿಶೀಲಿಸುವುದು ಸುರಕ್ಷತಾ ಪರೀಕ್ಷೆಗಳ ಭಾಗವೇ ಆಗಿದೆ. ಲಸಿಕೆ ಹೊತ್ತಿರುವುದು ವಂಶವನ್ನಲ್ಲ, ಒಂದು ಪ್ರೋಟೀನಿನ ತಾತ್ಕಾಲಿಕ ಪಾಠವನ್ನು.

ದಾರಿಯ ಅಡ್ಡಿಗಳು

ಓಲೆ ತಲುಪದಿರಲು ಕಾರಣಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ರಕ್ತ ಮತ್ತು ಅಂಗಾಂಶದ್ರವಗಳಲ್ಲಿ ನ್ಯೂಕ್ಲಿಯೇಸ್ ಎಂಬ ಕಿಣ್ವಗಳಿದ್ದು, ಅವು ರಕ್ಷಣೆಯಿಲ್ಲದ ಆರ್‌ಎನ್‌ಎಯನ್ನು ಬಹುಬೇಗ ಕತ್ತರಿಸಿಹಾಕುತ್ತವೆ. ಎರಡನೆಯದು, ಡಿಎನ್‌ಎ ಮತ್ತು ಆರ್‌ಎನ್‌ಎಗಳ ಬೆನ್ನೆಲುಬು ಫಾಸ್ಫೇಟ್ ಗುಂಪುಗಳಿಂದಾದದ್ದು; ಅವುಗಳ ವಿದ್ಯುದಾವೇಶ ಋಣಾತ್ಮಕ. ಕೋಶಪೊರೆಯ ಹೊರಮೈಯೂ ಋಣಾತ್ಮಕವೇ ಆದ್ದರಿಂದ ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಮೂರನೆಯದು, ಹೇಗೋ ಒಳಸೇರಿದ ಕಣವನ್ನು ಕೋಶ ಎಂಡೋಸೋಮ್ ಎಂಬ ಚೀಲದಲ್ಲಿ ಸುತ್ತಿಡುತ್ತದೆ. ಆ ಚೀಲ ಒಳಗೊಳಗೆ ಆಮ್ಲೀಯವಾಗುತ್ತಾ ಹೋಗಿ, ಕೊನೆಗೆ ಎಲ್ಲವನ್ನೂ ಜೀರ್ಣಿಸುವ ಲೈಸೋಸೋಮನ್ನು ಸೇರುತ್ತದೆ. ಅಷ್ಟರೊಳಗೆ ಓಲೆ ಚೀಲದಿಂದ ತಪ್ಪಿಸಿಕೊಳ್ಳಬೇಕು. ನಾಲ್ಕನೆಯ ಅಡ್ಡಿ ಡಿಎನ್‌ಎಗೆ ಮಾತ್ರ ಸಂಬಂಧಿಸಿದ್ದು: ಅದು ಕೋಶಕೇಂದ್ರದ ಪೊರೆಯನ್ನೂ ದಾಟಬೇಕು.

ವಾಹಕವೆಂಬುದು ಈ ಅಡ್ಡಿಗಳಿಗೆ ಉತ್ತರವಾಗಿ ಬಂದದ್ದು. ಧನಾವೇಶವಿರುವ ಉದ್ದನೆಯ ಸರಪಣಿಯೊಂದನ್ನು ಋಣಾವೇಶದ ಡಿಎನ್‌ಎಯೊಡನೆ ಬೆರೆಸಿದರೆ ಎರಡೂ ಪರಸ್ಪರ ಸೆಳೆದು, ನ್ಯಾನೊಮೀಟರುಗಳಲ್ಲಿ ಅಳೆಯುವಷ್ಟು ಚಿಕ್ಕ ಉಂಡೆಗಳಾಗಿ ಮುದುಡಿಕೊಳ್ಳುತ್ತವೆ. ಕಿಣ್ವಕ್ಕೆ ಒಳಗಿನ ಬರಹ ಎಟುಕುವುದಿಲ್ಲ. ಕೋಶಪೊರೆಗೆ ಉಂಡೆ ಅಂಟಿಕೊಳ್ಳುತ್ತದೆ. ಸಾಲ್ಮನ್ ಮೀನಿನ ವೀರ್ಯಾಣುವಿನಲ್ಲಿ ಪ್ರೋಟಮೀನ್ ಮಾಡುವ ಕೆಲಸ ಇದೇ: ಇಡೀ ಜೀವಿಯ ಬರಹವನ್ನು ಅತಿ ಕಿರಿದಾದ ತಲೆಯೊಳಗೆ ಹಿಡಿದಿಡುವುದು.

ಚಿಪ್ಪಿನಿಂದ ಬಂದ ಸಕ್ಕರೆ

ಕೈಟೋಸಾನಿನ ಮೂಲವಾದ ಕೈಟಿನನ್ನು 1811ರಲ್ಲಿ ಫ್ರಾನ್ಸಿನ ಆಂರಿ ಬ್ರಕೊನೊ ಅಣಬೆಗಳಲ್ಲಿ ಗುರುತಿಸಿದರು. 1823ರಲ್ಲಿ ಓದಿಯೇ ಅದನ್ನು ಕೀಟಗಳ ಹೊರಕವಚದಲ್ಲಿ ಕಂಡು, ಗ್ರೀಕರ ನಿಲುವಂಗಿಯ ಹೆಸರಾದ ‘ಕಿಟೋನ್’ ಎಂಬುದರಿಂದ ಅದಕ್ಕೆ ಹೆಸರು ಕೊಟ್ಟರು. ಜೀವಿಗಳ ಅಂಗಿ ಎಂಬ ಅರ್ಥದ ಆ ಹೆಸರು, ಡಿಎನ್‌ಎಗೆ ಅಂಗಿ ತೊಡಿಸುವ ಇಂದಿನ ಪ್ರಯತ್ನಕ್ಕೂ ಹೊಂದುತ್ತದೆ. ಸಿಗಡಿ ಚಿಪ್ಪನ್ನು ತೆಳುವಾದ ಕ್ಷಾರದಿಂದ ತೊಳೆದು ಪ್ರೋಟೀನನ್ನೂ, ತೆಳುವಾದ ಆಮ್ಲದಿಂದ ತೊಳೆದು ಸುಣ್ಣದ ಅಂಶವನ್ನೂ ತೆಗೆದರೆ ಉಳಿಯುವುದು ಕೈಟಿನ್. ಅದನ್ನು ಸಾಂದ್ರವಾದ ಬಿಸಿ ಕ್ಷಾರದಲ್ಲಿ ಕಾಯಿಸಿದಾಗ ಅಸಿಟೈಲ್ ಗುಂಪುಗಳು ಕಳಚಿ, ಅಮೈನು ಗುಂಪುಗಳು ತೆರೆದುಕೊಂಡು, ಕೈಟೋಸಾನ್ ಸಿದ್ಧವಾಗುತ್ತದೆ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸಿಗಡಿ ತ್ಯಾಜ್ಯದಿಂದ ಇದನ್ನು ತೆಗೆಯುವ ವಿಧಾನವನ್ನು ದೇಶದಲ್ಲಿ ರೂಪಿಸಿದ ಸಂಸ್ಥೆಗಳಲ್ಲಿ ಒಂದು. ಸಿಗಡಿ ರಫ್ತಿನಲ್ಲಿ ಮುಂಚೂಣಿಯಲ್ಲಿರುವ ಭಾರತಕ್ಕೆ ಕಚ್ಚಾವಸ್ತುವಿನ ಕೊರತೆಯಿಲ್ಲ.

ಕೈಟೋಸಾನಿನ ಗುಣವೆಲ್ಲ ಆ ಅಮೈನು ಗುಂಪುಗಳಲ್ಲಿದೆ. ದ್ರವ ಆಮ್ಲೀಯವಾಗಿದ್ದಾಗ ಅವು ಪ್ರೋಟಾನನ್ನು ಹಿಡಿದು ಧನಾವೇಶ ಪಡೆಯುತ್ತವೆ. ಪಿಎಚ್ ಸುಮಾರು 6.5 ಇರುವಲ್ಲಿ ಅವುಗಳಲ್ಲಿ ಅರ್ಧದಷ್ಟು ಮಾತ್ರ ಆವೇಶಗೊಂಡಿರುತ್ತವೆ. ರಕ್ತದ ಪಿಎಚ್ ಆದ 7.4ರಲ್ಲಿ ಬಹುಪಾಲು ಆವೇಶವನ್ನು ಕಳೆದುಕೊಂಡಿರುತ್ತವೆ. ಹೀಗಾಗಿ ಪ್ರಯೋಗಶಾಲೆಯ ಆಮ್ಲೀಯ ದ್ರಾವಣದಲ್ಲಿ ಡಿಎನ್‌ಎಯನ್ನು ಬಿಗಿಯಾಗಿ ಅಪ್ಪಿದ ಕೈಟೋಸಾನ್, ದೇಹದ್ರವಕ್ಕೆ ಇಳಿದೊಡನೆ ಹಿಡಿತವನ್ನು ಸಡಿಲಿಸತೊಡಗುತ್ತದೆ.

1995ರಲ್ಲಿ ರಸ್ಸೆಲ್ ಮಂಪರ್ ಮತ್ತು ಸಂಗಡಿಗರು ಕೈಟೋಸಾನನ್ನು ವಂಶವಾಹಿಯ ವಾಹಕವಾಗಿ ಬಳಸಬಹುದೆಂದು ಸೂಚಿಸಿದರು. 1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೃಷ್ಣೇಂದು ರಾಯ್, ಕಾಮ್ ಲಿಯಾಂಗ್ ಮೊದಲಾದವರು ನೆಲಗಡಲೆಯ ಅಲರ್ಜಿಗೆ ಕಾರಣವಾಗುವ ಪ್ರೋಟೀನೊಂದರ ವಂಶವಾಹಿಯನ್ನು ಕೈಟೋಸಾನಿನಲ್ಲಿ ಸುತ್ತಿ ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟರು. ಆ ಇಲಿಗಳಲ್ಲಿ ಪ್ರತಿಕಾಯಗಳು ಮೂಡಿದವು, ಅಲರ್ಜಿಯ ತೀವ್ರತೆ ತಗ್ಗಿತು. ಹೊಟ್ಟೆಯ ಆಮ್ಲವನ್ನೂ ಕರುಳಿನ ಕಿಣ್ವಗಳನ್ನೂ ದಾಟಿ ಓಲೆ ತಲುಪಬಲ್ಲದೆಂಬುದಕ್ಕೆ ಅದು ಮಹತ್ವದ ಸಾಕ್ಷ್ಯವಾಯಿತು. 2008ರಲ್ಲಿ ತಮಿಳುನಾಡಿನ ಮೇಲ್‌ವಿಶಾರಂನ ಸಂಶೋಧಕರು, ಕೇರಳದಲ್ಲಿ ಕಾಳಾಂಜಿ ಎಂದು ಕರೆಯುವ ಏಷ್ಯನ್ ಸೀಬಾಸ್ ಮೀನಿಗೆ ಇದೇ ಬಗೆಯ ಡಿಎನ್‌ಎ ಲಸಿಕೆಯನ್ನು ಆಹಾರದೊಡನೆ ಬೆರೆಸಿ ತಿನ್ನಿಸಿದರು. ವಿಬ್ರಿಯೊ ಸೋಂಕಿನಿಂದ ಮಧ್ಯಮ ಪ್ರಮಾಣದ ರಕ್ಷಣೆ ದೊರೆಯಿತು. ಸಾವಿರಾರು ಮೀನುಗಳಿಗೆ ಒಂದೊಂದಾಗಿ ಸೂಜಿ ಚುಚ್ಚುವುದು ಆಗದ ಮಾತಾದ್ದರಿಂದ, ತಿನ್ನಿಸಬಹುದಾದ ಲಸಿಕೆಗೆ ಮೀನು ಸಾಕಣೆಯಲ್ಲಿ ವಿಶೇಷ ಬೆಲೆಯಿದೆ.

ಬಿಗಿದ ಗಂಟು, ಸಡಿಲ ಗಂಟು

ಇಷ್ಟೆಲ್ಲ ಭರವಸೆಯಿದ್ದರೂ ಕೋವಿಡ್ ಕಾಲದಲ್ಲಿ ಕೋಟ್ಯಂತರ ಜನರಿಗೆ ದೊರೆತ ಆರ್‌ಎನ್‌ಎ ಲಸಿಕೆಗಳಲ್ಲಿ ಲಕೋಟೆಯಾದದ್ದು ಲಿಪಿಡ್ ಕಣಗಳು, ಅಂದರೆ ಕೊಬ್ಬಿನ ಜಾತಿಯ ಅಣುಗಳು. ಅದಕ್ಕೆ ಕಾರಣವೇನೆಂಬುದನ್ನು ಟ್ಯೂಬಿಂಗೆನ್ನಿನದೇ ಇನ್ನೊಂದು ಕತೆ ತಿಳಿಸುತ್ತದೆ.

2000ದಲ್ಲಿ ಆ ಪಟ್ಟಣದಲ್ಲಿ ಆರಂಭವಾದ ಕ್ಯೂರ್‌ವ್ಯಾಕ್ ಸಂಸ್ಥೆ ತನ್ನ ಮೊದಲ ಆರ್‌ಎನ್‌ಎ ಲಸಿಕೆಗಳಿಗೆ ಆರಿಸಿಕೊಂಡದ್ದು ಮೀಷರ್ ಕಂಡುಹಿಡಿದ ಪ್ರೋಟಮೀನನ್ನು. ಆದರೆ ಪ್ರೋಟಮೀನಿನ ಹಿಡಿತ ಬಲು ಬಿಗಿ. ಅದರಲ್ಲಿ ಸುತ್ತಿದ ಆರ್‌ಎನ್‌ಎ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುತ್ತಿತ್ತಾದರೂ ಚೆನ್ನಾಗಿ ಅನುವಾದಗೊಳ್ಳುತ್ತಿರಲಿಲ್ಲ. ಆದ್ದರಿಂದ ಒಂದು ಭಾಗವನ್ನು ಎಚ್ಚರಿಸುವುದಕ್ಕೆಂದು ಸುತ್ತಿ, ಇನ್ನೊಂದು ಭಾಗವನ್ನು ಓದಿಸುವುದಕ್ಕೆಂದು ಬಿಡಿಯಾಗಿ ಬಿಟ್ಟು ಬೆರೆಸಬೇಕಾಯಿತು. 2013ರಿಂದ 2016ರವರೆಗೆ 101 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅದರ ರೇಬೀಸ್ ಲಸಿಕೆಯ ಪರೀಕ್ಷೆಯಲ್ಲಿ 80ರಿಂದ 640 ಮೈಕ್ರೊಗ್ರಾಮಿನಷ್ಟು ಆರ್‌ಎನ್‌ಎ ಬಳಸಲಾಯಿತು. ಸೂಜಿಯಿಲ್ಲದೆ ಒತ್ತಡದಿಂದ ಚಿಮ್ಮಿಸುವ ಸಾಧನದಿಂದ ಪಡೆದವರಲ್ಲಿ ಹಲವರಿಗೆ ಸಾಕಷ್ಟು ಪ್ರತಿಕಾಯಗಳು ಮೂಡಿದವು. ಸಾಮಾನ್ಯ ಸೂಜಿಯಿಂದ ಪಡೆದವರಲ್ಲಿ ಬಹುತೇಕ ಮೂಡಲಿಲ್ಲ. ಅದೇ ಸಂಸ್ಥೆ ಲಿಪಿಡ್ ಕಣದಲ್ಲಿ ಸುತ್ತಿದ ರೇಬೀಸ್ ಲಸಿಕೆಯನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಸೂಜಿಯಿಂದಲೇ ಕೊಟ್ಟ 1 ಅಥವಾ 2 ಮೈಕ್ರೊಗ್ರಾಮಿನ ಎರಡು ಡೋಸುಗಳು ಸಾಕಾಗಿದ್ದವು. ಓಲೆಯ ಒಕ್ಕಣೆಗಿಂತ ಲಕೋಟೆಯ ಬದಲಾವಣೆ ಎಷ್ಟು ದೊಡ್ಡ ಅಂತರವನ್ನು ತರಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಹೋಲಿಕೆ ಸಿಗುವುದು ವಿರಳ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚಿನ ಪಾಲು ಭಾರತದ್ದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ನೆನೆದರೆ, ಈ ಅಂತರ ಪ್ರಯೋಗಶಾಲೆಗಷ್ಟೇ ಸೀಮಿತವಾದ ವಿಷಯವಲ್ಲವೆಂಬುದು ತಿಳಿಯುತ್ತದೆ.

ಲಿಪಿಡ್ ಕಣದ ಗುಟ್ಟೂ ಕೈಟೋಸಾನಿನ ಗುಣಕ್ಕೆ ಹತ್ತಿರದ್ದೇ. ಅದರ ಮುಖ್ಯ ಲಿಪಿಡ್ ಆಮ್ಲೀಯ ದ್ರವದಲ್ಲಿ ಧನಾವೇಶ ಪಡೆದು ಆರ್‌ಎನ್‌ಎಯನ್ನು ಹಿಡಿಯುತ್ತದೆ, ದೇಹದ್ರವದಲ್ಲಿ ಬಹುಮಟ್ಟಿಗೆ ತಟಸ್ಥವಾಗುತ್ತದೆ. ವ್ಯತ್ಯಾಸವಿರುವುದು ಎರಡು ಕಡೆ. ಮೊದಲನೆಯದಾಗಿ, ಲಿಪಿಡುಗಳು ಆರ್‌ಎನ್‌ಎಯ ಸುತ್ತ ಮುಚ್ಚಿಕೊಂಡುಬಿಡುವುದರಿಂದ ಆವೇಶ ಹೋದರೂ ಲಕೋಟೆ ತೆರೆದುಕೊಳ್ಳುವುದಿಲ್ಲ; ಕೈಟೋಸಾನಿನ ಉಂಡೆ ಆವೇಶದ ಸೆಳೆತವನ್ನೇ ನಂಬಿರುವುದರಿಂದ ಅದು ಹೋದಂತೆ ಸಡಿಲವಾಗುತ್ತದೆ. ಎರಡನೆಯದಾಗಿ, ಎಂಡೋಸೋಮಿನ ಆಮ್ಲದಲ್ಲಿ ಮತ್ತೆ ಆವೇಶಗೊಂಡ ಲಿಪಿಡುಗಳು ಆ ಚೀಲದ ಪೊರೆಯೊಡನೆ ಬೆರೆತು ಅದನ್ನು ಭೇದಿಸುತ್ತವೆ. ಪೊರೆಯೊಡನೆ ಬೆರೆಯುವ ಆ ಗುಣ ಸಕ್ಕರೆಯ ಸರಪಣಿಯಾದ ಕೈಟೋಸಾನಿಗಿಲ್ಲ.

ಆದ್ದರಿಂದ ಕೈಟೋಸಾನ್ ಸಂಶೋಧನೆಯ ಬಹುಭಾಗ ಗಂಟಿನ ಬಿಗಿಯನ್ನು ಹದಗೊಳಿಸುವ ಕೆಲಸವೇ ಆಗಿದೆ. ಸರಪಣಿ ಉದ್ದವಾದಷ್ಟೂ, ಅಸಿಟೈಲ್ ಗುಂಪುಗಳು ಕಳಚಿದಷ್ಟೂ ಹಿಡಿತ ಬಲವಾಗುತ್ತದೆ, ಬಿಡುಗಡೆ ತಡವಾಗುತ್ತದೆ. ಸರಪಣಿ ಚಿಕ್ಕದಾದರೆ ಬಿಡುಗಡೆ ಸುಲಭ, ದಾರಿಯಲ್ಲಿಯೇ ಚೆಲ್ಲಿಹೋಗುವ ಭಯವೂ ಹೆಚ್ಚು. ಮೀಥೈಲ್ ಗುಂಪುಗಳನ್ನು ಸೇರಿಸಿ ಪಡೆದ ಟ್ರೈಮೀಥೈಲ್ ಕೈಟೋಸಾನ್ ದೇಹದ್ರವದಲ್ಲಿಯೂ ಧನಾವೇಶವನ್ನು ಉಳಿಸಿಕೊಳ್ಳುತ್ತದೆ. ಆದರೆ ಸ್ಥಿರವಾದ ಧನಾವೇಶ ಕೋಶಗಳಿಗೆ ಹಾನಿಯನ್ನೂ ಮಾಡಬಲ್ಲದು. ಮ್ಯಾನೋಸ್ ಸಕ್ಕರೆಯನ್ನು ಜೋಡಿಸಿದರೆ, ಆ ಸಕ್ಕರೆಯನ್ನು ಗುರುತಿಸುವ ಗ್ರಾಹಕಗಳಿರುವ ರೋಗನಿರೋಧಕ ಕೋಶಗಳು ಕಣವನ್ನು ಹೆಚ್ಚಾಗಿ ಒಳಗೆಳೆದುಕೊಳ್ಳುತ್ತವೆ. ಓಲೆಗೆ ವಿಳಾಸ ಬರೆದಂತೆ.

ಸಕ್ಕರೆಗೆ ಉಳಿದಿರುವ ಜಾಗ

ಹಾಗಿದ್ದರೆ ಲಿಪಿಡಿನ ಗೆಲುವಿನ ಬಳಿಕ ಕೈಟೋಸಾನನ್ನು ಕೈಬಿಡಬೇಕೇ? ಬಿಡದಿರಲು ಮೂರು ಕಾರಣಗಳಿವೆ. ಮೊದಲನೆಯದು ಲೋಳೆಪದರ. ಮೂಗು, ಗಂಟಲು, ಕರುಳುಗಳ ಲೋಳೆ ಋಣಾವೇಶದ ಅಣುಗಳಿಂದ ಕೂಡಿದೆ. ಕೈಟೋಸಾನ್ ಅದಕ್ಕೆ ಅಂಟಿ ನಿಲ್ಲುತ್ತದೆ, ಕೋಶಗಳ ನಡುವಣ ಬೆಸುಗೆಯನ್ನು ತುಸುಕಾಲ ಸಡಿಲಿಸುತ್ತದೆ. ಉಸಿರಾಟದ ರೋಗಗಳನ್ನು ಅವು ಒಳಹೊಗುವ ಬಾಗಿಲಲ್ಲಿಯೇ ತಡೆಯಬೇಕೆಂಬ ಮೂಗಿನ ಲಸಿಕೆಗಳಿಗೆ ಈ ಗುಣ ಅಮೂಲ್ಯ. ಎರಡನೆಯದು, ಕೈಟೋಸಾನ್ ಬರಿಯ ಲಕೋಟೆಯಲ್ಲ, ಕದ ತಟ್ಟುವ ದೂತನೂ ಹೌದು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ತೋರಿಸಿಕೊಟ್ಟಂತೆ, ಅದು ಕೋಶದೊಳಗಿನ ಒಂದು ಎಚ್ಚರಿಕೆ ವ್ಯವಸ್ಥೆಯನ್ನು ತಟ್ಟಿ ಇಂಟರ್‌ಫೆರಾನ್ ಸ್ರವಿಸುವಂತೆ ಮಾಡುತ್ತದೆ. ಆರ್‌ಎನ್‌ಎ ಲಸಿಕೆಯಲ್ಲಿ ಮಾತ್ರ ಇದು ಎರಡಲಗಿನ ಕತ್ತಿ: ಇಂಟರ್‌ಫೆರಾನ್ ಅತಿಯಾದರೆ ಕೋಶ ಪ್ರೋಟೀನು ತಯಾರಿಕೆಯನ್ನೇ ತಗ್ಗಿಸಿ ಓಲೆಯನ್ನು ಓದದೆ ಬಿಡುತ್ತದೆ. ಮೂರನೆಯದು, ಇದು ಸ್ಥಳೀಯವಾಗಿ ಸಿಗುವ, ಲೈಸೋಜೈಮಿನಂಥ ಕಿಣ್ವದಿಂದ ದೇಹದಲ್ಲಿ ಕರಗಬಲ್ಲ ವಸ್ತು.

ತೊಡಕುಗಳನ್ನೂ ಮರೆಮಾಚುವಂತಿಲ್ಲ. ಪ್ರಾಣಿಜನ್ಯ ವಸ್ತು ಒಂದು ತಯಾರಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಸಿಗಡಿಯ ಜಾತಿ, ಋತು, ಬೇಯಿಸಿದ ಹೊತ್ತು, ಎಲ್ಲವೂ ಸರಪಣಿಯ ಉದ್ದವನ್ನು ತಿದ್ದುತ್ತವೆ. ಒಂದೇ ಕೃತಿಯ ಹಸ್ತಪ್ರತಿಗಳಲ್ಲಿ ಪಾಠಾಂತರಗಳಿರುವುದು ವಿದ್ವಾಂಸರಿಗೆ ಸ್ವಾರಸ್ಯವಾದೀತು. ಔಷಧ ನಿಯಂತ್ರಕರಿಗೆ ಅದು ನಿರಾಕರಣೆಗೆ ಕಾರಣ. ಚಿಪ್ಪುಮೀನಿನ ಅಲರ್ಜಿಯ ಪ್ರಶ್ನೆಯೂ ಇದೆ. ಶಿಲೀಂಧ್ರಗಳಿಂದ ತೆಗೆದ ಕೈಟೋಸಾನನ್ನು ಬಳಸಿ ಈ ಎರಡೂ ತೊಡಕುಗಳನ್ನು ತಗ್ಗಿಸುವ ಯತ್ನಗಳು ನಡೆದಿವೆ.

ಶೈತ್ಯದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಫೈಜರ್ ಲಸಿಕೆಗೆ ಮೊದಲಲ್ಲಿ ಸೊನ್ನೆಗಿಂತ 70 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯ ಬೇಕಾಗಿತ್ತು; ಗುಡ್ಡಗಾಡಿನ, ವಿದ್ಯುತ್ತು ಆಗಾಗ ಹೋಗುವ ಊರುಗಳಿಗೆ ಅದು ಎಟುಕುವಂಥದ್ದಲ್ಲ. ನೈಸರ್ಗಿಕ ಪಾಲಿಮರು ಬಳಸಿದರೆ ಈ ಸಮಸ್ಯೆ ತಾನಾಗಿ ಬಗೆಹರಿಯುತ್ತದೆಂಬ ಮಾತು ಕೆಲವೊಮ್ಮೆ ಕೇಳಿಬರುತ್ತದೆ, ಅದು ಅರ್ಧಸತ್ಯ. 2021ರ ಆಗಸ್ಟಿನಲ್ಲಿ ಭಾರತ ತುರ್ತು ಅನುಮತಿ ನೀಡಿದ ಜೈಕೊವ್-ಡಿ, ಮನುಷ್ಯರ ಬಳಕೆಗೆ ಬಂದ ಮೊದಲ ಡಿಎನ್‌ಎ ಲಸಿಕೆ. ಅದಕ್ಕೆ 2ರಿಂದ 8 ಡಿಗ್ರಿಯ ಸಾಮಾನ್ಯ ಶೀತಕವೇ ಸಾಕಾಗಿತ್ತು. ಆದರೆ ಅದರಲ್ಲಿ ಕೈಟೋಸಾನ್ ಇರಲಿಲ್ಲ. ಡಿಎನ್‌ಎ ಅಣುವಿನ ಸಹಜ ಗಟ್ಟಿತನ ಅದನ್ನು ಉಳಿಸಿತು, ಸೂಜಿಯಿಲ್ಲದ ಚಿಮ್ಮುಸಾಧನ ತಲುಪಿಸಿತು. 2022ರ ಜೂನಿನಲ್ಲಿ ಅನುಮತಿ ಪಡೆದ ಪುಣೆಯ ಜೆನ್ನೋವಾ ಸಂಸ್ಥೆಯ ಆರ್‌ಎನ್‌ಎ ಲಸಿಕೆಯೂ 2ರಿಂದ 8 ಡಿಗ್ರಿಯಲ್ಲಿ ಉಳಿಯುವಂಥದ್ದು. ಅದರ ವಾಹಕವೂ ಲಿಪಿಡ್ ಮೂಲದ್ದೇ. ಲಸಿಕೆ ಎಷ್ಟು ಶೈತ್ಯವನ್ನು ಬೇಡುತ್ತದೆಂಬುದನ್ನು ಓಲೆ, ಲಕೋಟೆ ಮತ್ತು ಒಣಗಿಸಿಡುವ ವಿಧಾನ ಮೂರೂ ಸೇರಿ ನಿರ್ಧರಿಸುತ್ತವೆ. ‘ನೈಸರ್ಗಿಕ’ ಎಂಬ ವಿಶೇಷಣವೊಂದೇ ಆ ಕೆಲಸ ಮಾಡಲಾರದು.

ನೈಸರ್ಗಿಕವೆಂಬುದು ಸುರಕ್ಷತೆಗೂ ಪ್ರಮಾಣಪತ್ರವಲ್ಲ, ಸಂಯೋಜಿತವೆಂಬುದು ದೋಷವೂ ಅಲ್ಲ. ವಾಹಕವನ್ನು ಅಳೆಯಬೇಕಾದ್ದು ಅದು ದಾರಿಯಲ್ಲಿ ಎಷ್ಟು ಹಿಡಿದಿಡುತ್ತದೆ, ತಲುಪಿದ ಮೇಲೆ ಎಷ್ಟು ಬಿಟ್ಟುಕೊಡುತ್ತದೆ ಎಂಬ ಎರಡೇ ಪ್ರಶ್ನೆಗಳಿಂದ. ಪ್ರೋಟಮೀನ್ ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋತಿತು. ಕೈಟೋಸಾನಿಗೆ ಎರಡರ ನಡುವಣ ಹದ ಇನ್ನೂ ದೊರೆಯಬೇಕಾಗಿದೆ. ಅದು ದೊರೆತ ದಿನ, ಮೂಗಿಗೆ ಒಂದು ಹನಿಯಾಗಿಯೋ ಬಾಯಿಗೆ ಒಂದು ಗುಟುಕಾಗಿಯೋ ಲಸಿಕೆ ಕೊಡುವುದು ಸಾಧ್ಯವಾದರೆ, ಅದರ ಮೊದಲ ಪ್ರಯೋಜನ ಸೂಜಿ, ಶೀತಕ ಮತ್ತು ತರಬೇತಾದ ಕೈ ಮೂರೂ ವಿರಳವಾಗಿರುವ ಊರುಗಳಿಗೇ ಸಲ್ಲುತ್ತದೆ. ಸಿಗಡಿ ಸುಲಿಯುವ ಶೆಡ್ಡುಗಳ ಹಿಂದೆ ರಾಶಿ ಬೀಳುವ ಚಿಪ್ಪಿಗೆ ಆ ಹದವನ್ನು ತರುವ ಕೆಲಸ ಕೊಚ್ಚಿಯಲ್ಲಿಯೂ ಮೇಲ್‌ವಿಶಾರಂನಲ್ಲಿಯೂ ನಡೆಯಬಲ್ಲದೆಂಬುದಕ್ಕೆ ಹಿಂದಿನ ಕೆಲಸಗಳೇ ಆಧಾರ.